ಉಪ್ಪು ನೀರಿನ ಸರೋವರ ಮತ್ತು ಮೇಲಿನ ಹೊಲ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಜಲಾನಯನ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಇಂದು ನಾನು ಮಾತನಾಡಲು ಆರಿಸಿಕೊಂಡಿರುವ ವಿಷಯ ಒಡಿಶಾ ರಾಜ್ಯದ ಚಿಲಿಕಾ ಸರೋವರ. ಬದು, ಕೃಷಿ ಹೊಂಡ, ಇಳಿಜಾರು ಎಂದು ಮೂರು ದಿನಗಳಿಂದ ಚರ್ಚಿಸುತ್ತಿರುವ ತಮಗೆ ದೂರದ ಸಮುದ್ರ ತೀರದ ಉಪ್ಪು ನೀರಿನ ಸರೋವರದ ಮಾತೇಕೆ ಎಂದು ಅನ್ನಿಸುವುದು ಸಹಜ. ನಮ್ಮ ಬೇಸಾಯದಲ್ಲಿ ಉಪ್ಪು ಎಂದರೆ ಚೌಳು ಭೂಮಿ. ಚೌಳು ಎಂದರೆ ನಷ್ಟ. ಬಾವಿಯ ನೀರು ಉಪ್ಪಾಯಿತೆಂದರೆ ತೋಟದ ಕಥೆ ಮುಗಿಯಿತು ಎನ್ನುತ್ತೇವೆ. ಆದರೆ ಉಪ್ಪು ಕಡಿಮೆಯಾದದ್ದರಿಂದಲೇ ಲಕ್ಷಾಂತರ ಜನರ ಅನ್ನಕ್ಕೆ ಕಲ್ಲು ಬಿದ್ದ ಒಂದು ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಅದಕ್ಕೆ ಇದ್ದ ಎರಡು ಕಾರಣಗಳಲ್ಲಿ ಒಂದು ಸಮುದ್ರದ ಕಡೆಯದು; ಇನ್ನೊಂದು ಮೇಲಿನ ಹೊಲಗಳಿಂದ ಹರಿದು ಬಂದ ಮಣ್ಣು. ಆದುದರಿಂದ ಈ ವಿಷಯ ತಮಗೆ ಸಂಬಂಧಪಟ್ಟದ್ದೇ ಆಗಿದೆ.

ಚಿಲಿಕಾ ಎಂದರೇನು?

ಒಡಿಶಾದ ಪುರಿ, ಖೋರ್ಧಾ ಮತ್ತು ಗಂಜಾಂ ಜಿಲ್ಲೆಗಳ ಕರಾವಳಿಯಲ್ಲಿ ಸುಮಾರು 64 ಕಿಲೋಮೀಟರ್ ಉದ್ದಕ್ಕೆ ಈ ಸರೋವರ ಹಬ್ಬಿದೆ. ಮಳೆಗಾಲದಲ್ಲಿ ಇದರ ವಿಸ್ತೀರ್ಣ ಸುಮಾರು 1,165 ಚದರ ಕಿಲೋಮೀಟರ್. ಬೇಸಿಗೆಯಲ್ಲಿ ಸುಮಾರು 906 ಚದರ ಕಿಲೋಮೀಟರ್. ಇಷ್ಟು ವಿಶಾಲವಾದರೂ ಆಳ ಮಾತ್ರ ಕಡಿಮೆ. ಅನೇಕ ಕಡೆ ಎರಡು ಮೀಟರಿಗಿಂತ ಹೆಚ್ಚು ನೀರಿಲ್ಲ. ಸರೋವರಕ್ಕೂ ಬಂಗಾಳ ಕೊಲ್ಲಿಗೂ ನಡುವೆ ಉದ್ದನೆಯ ಮರಳಿನ ದಿಣ್ಣೆಯೊಂದಿದೆ. ಆ ದಿಣ್ಣೆಯನ್ನು ಸೀಳಿಕೊಂಡಿರುವ ಅಳಿವೆ ಬಾಯಿಯ ಮೂಲಕ ಉಬ್ಬರದಲ್ಲಿ ಸಮುದ್ರದ ನೀರು ಒಳಕ್ಕೆ ಬರುತ್ತದೆ. ಇಳಿತದಲ್ಲಿ ಸರೋವರದ ನೀರು ಹೊರಕ್ಕೆ ಹೋಗುತ್ತದೆ.

ಇನ್ನೊಂದು ಕಡೆಯಿಂದ ಸಿಹಿ ನೀರು ಬರುತ್ತದೆ. ಉತ್ತರದಲ್ಲಿ ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮುಂತಾದ ನದಿಗಳು ಸರೋವರವನ್ನು ಸೇರುತ್ತವೆ. ಪಶ್ಚಿಮದ ಗುಡ್ಡಗಳಿಂದ ಐವತ್ತಕ್ಕೂ ಹೆಚ್ಚು ಹಳ್ಳ ತೊರೆಗಳು ಇಳಿದು ಬರುತ್ತವೆ. ಹೀಗೆ ಸಿಹಿ ನೀರು ಮತ್ತು ಉಪ್ಪು ನೀರು ಕೂಡುವುದರಿಂದ ಚಿಲಿಕಾದ ನೀರು ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಉಪ್ಪೂ ಅಲ್ಲ. ಮಳೆಗಾಲದಲ್ಲಿ ಉತ್ತರ ಭಾಗದ ನೀರು ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಬೇಸಿಗೆಯಲ್ಲಿ ಅಳಿವೆಯ ಬಳಿ ಸಮುದ್ರದಷ್ಟೇ ಉಪ್ಪಾಗುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಏರಿಳಿತ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ನಮ್ಮ ಕೆರೆಗೆ ತೂಬು ಮತ್ತು ಕೋಡಿ ಇದ್ದ ಹಾಗೆ ಚಿಲಿಕಾಕ್ಕೆ ಅಳಿವೆ ಬಾಯಿ. ವ್ಯತ್ಯಾಸವೆಂದರೆ ನಮ್ಮ ಕೆರೆಯ ಕೋಡಿಯಲ್ಲಿ ನೀರು ಹೊರಕ್ಕೆ ಮಾತ್ರ ಹೋಗುತ್ತದೆ; ಅಲ್ಲಿ ಒಳಕ್ಕೂ ಬರುತ್ತದೆ. ಬರಲೇಬೇಕು.

ಉಪ್ಪು ಏಕೆ ಬೇಕು?

ಸರೋವರದಲ್ಲಿ ಮತ್ತು ಅದರ ದಂಡೆಯ ಹಳ್ಳಿಗಳಲ್ಲಿ ಸುಮಾರು ಎರಡು ಲಕ್ಷ ಮೀನುಗಾರರ ಜೀವನ ಈ ನೀರನ್ನೇ ನಂಬಿದೆ. ಅವರಿಗೆ ಹೆಚ್ಚು ಬೆಲೆ ತರುವ ಹುಲಿ ಸೀಗಡಿಯ ಜೀವನಕ್ರಮ ಗಮನಿಸಬೇಕಾದದ್ದು. ತಾಯಿ ಸೀಗಡಿ ಮೊಟ್ಟೆಯಿಡುವುದು ಸಮುದ್ರದಲ್ಲಿ. ಮರಿಗಳು ಉಬ್ಬರದ ನೀರಿನೊಡನೆ ಸರೋವರದೊಳಕ್ಕೆ ಬರುತ್ತವೆ. ಇಲ್ಲಿನ ಆಳವಿಲ್ಲದ, ಆಹಾರ ಸಮೃದ್ಧವಾದ ನೀರಿನಲ್ಲಿ ಕೆಲವು ತಿಂಗಳು ಬೆಳೆದು ಮತ್ತೆ ಸಮುದ್ರಕ್ಕೆ ಮರಳುತ್ತವೆ. ಕೆಸರೇಡಿಯ ಹೆಣ್ಣು ಮೊಟ್ಟೆಯಿಡಲು ಸಮುದ್ರಕ್ಕೆ ಹೋಗುತ್ತದೆ. ಬೆಲೆಬಾಳುವ ಹಲವು ಮೀನುಗಳದೂ ಇದೇ ರೀತಿ. ಎಂದರೆ ಸರೋವರವು ಇವುಗಳಿಗೆ ಸಸಿಮಡಿ ಇದ್ದಂತೆ. ಸಸಿಮಡಿಗೆ ಹೋಗಿಬರುವ ದಾರಿಯೇ ಮುಚ್ಚಿದರೆ ಗದ್ದೆ ನಾಟಿಯಾಗುವುದು ಹೇಗೆ?

ಉಪ್ಪಿನ ಎರಡನೆಯ ಕೆಲಸ ಕಳೆ ನಿಯಂತ್ರಣ. ಜೊಂಡು, ಅಂತರಗಂಗೆ ಮುಂತಾದ ನೀರುಕಳೆಗಳು ಸಿಹಿ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತವೆ. ಅಂತರಗಂಗೆಯಂಥವು ಉಪ್ಪನ್ನು ಅಷ್ಟಾಗಿ ತಡೆಯುವುದಿಲ್ಲ; ಜೊಂಡು ತುಸು ತಡೆದರೂ ಹೆಚ್ಚು ಉಪ್ಪಿನಲ್ಲಿ ಸೊರಗುತ್ತದೆ. ಪ್ರತಿ ವರ್ಷ ಬೇಸಿಗೆಯಲ್ಲಿ ಸಮುದ್ರದ ನೀರು ಒಳಹೊಕ್ಕಾಗ ಈ ಕಳೆ ತಾನಾಗಿಯೇ ಹಿಂದೆ ಸರಿಯುತ್ತದೆ. ಕೂಲಿಯಿಲ್ಲದೆ, ಕಳೆನಾಶಕವಿಲ್ಲದೆ ನಡೆಯುವ ಕೆಲಸವಿದು.

ಸರೋವರ ಸೊರಗಿದ ಬಗೆ

ಇರಾನ್ ದೇಶದ ರಾಮ್‌ಸಾರ್ ಎಂಬ ಊರಿನಲ್ಲಿ 1971ರಲ್ಲಿ ಜೌಗುಪ್ರದೇಶಗಳ ರಕ್ಷಣೆಗಾಗಿ ರಾಷ್ಟ್ರಗಳ ನಡುವೆ ಒಂದು ಒಪ್ಪಂದವಾಯಿತು. ಈ ಒಪ್ಪಂದದ ಪಟ್ಟಿಗೆ ಭಾರತದಿಂದ ಮೊಟ್ಟಮೊದಲು, 1981ರಲ್ಲಿ, ಸೇರಿದ ಎರಡು ತಾಣಗಳಲ್ಲಿ ಚಿಲಿಕಾ ಒಂದು. ಇನ್ನೊಂದು ರಾಜಸ್ಥಾನದ ಕೇವಲಾದೇವ. ಚಿಲಿಕಾದೊಳಗಿನ ನಳಬಣ ಎಂಬ 15.53 ಚದರ ಕಿಲೋಮೀಟರ್ ಪ್ರದೇಶವನ್ನು 1987ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ಮಳೆಗಾಲದಲ್ಲಿ ಈ ನಡುಗಡ್ಡೆ ನೀರಿನಲ್ಲಿ ಮುಳುಗಿ, ಚಳಿಗಾಲದಲ್ಲಿ ನೀರಿಳಿದಾಗ ಮೇಲೇಳುತ್ತದೆ. ಆಗ ಉತ್ತರದ ಶೀತ ದೇಶಗಳಿಂದ ಬಂದ ಹಕ್ಕಿಗಳು ಅಲ್ಲಿ ಮೇಯುತ್ತವೆ.

ಆದರೆ ಕಾಗದದ ಮೇಲೆ ರಕ್ಷಣೆ ದೊರೆತ ಮಾತ್ರಕ್ಕೆ ನೀರು ಸರಿಹೋಗುವುದಿಲ್ಲ. ಆ ವೇಳೆಗಾಗಲೇ ಎರಡು ದಿಕ್ಕಿನಿಂದ ಕೇಡು ನಡೆದಿತ್ತು.

ಮೊದಲನೆಯದು ಸಮುದ್ರದ ಕಡೆಯದು. ಆ ತೀರದಲ್ಲಿ ಅಲೆಗಳ ಹೊಡೆತಕ್ಕೆ ಮರಳು ದಡದಗುಂಟ ಈಶಾನ್ಯ ದಿಕ್ಕಿಗೆ ಸಾಗುತ್ತಿರುತ್ತದೆ. ಈ ಮರಳು ಅಳಿವೆ ಬಾಯಿಯನ್ನು ವರ್ಷದಿಂದ ವರ್ಷಕ್ಕೆ ಮುಂದೆ ಮುಂದೆ ತಳ್ಳಿತು. ಸರೋವರದಿಂದ ಸಮುದ್ರಕ್ಕೆ ಹೋಗುವ ಕಾಲುವೆ ಉದ್ದವಾಯಿತು, ಹೂಳು ತುಂಬಿ ಕಿರಿದಾಯಿತು. ಉದ್ದನೆಯ, ಹೂಳು ತುಂಬಿದ ಕಾಲುವೆಯಲ್ಲಿ ಕೊನೆಯ ಗದ್ದೆಗೆ ನೀರು ಹತ್ತುವುದಿಲ್ಲ ಎಂಬುದು ತಮಗೆ ಅನುಭವದ ಮಾತು. ಹಾಗೆಯೇ ಉಬ್ಬರದ ನೀರಿಗೆ ಸರೋವರದ ಒಡಲನ್ನು ಮುಟ್ಟುವ ಶಕ್ತಿ ಉಳಿಯಲಿಲ್ಲ.

ಎರಡನೆಯದು ನೆಲದ ಕಡೆಯದು. ನದಿ, ಹಳ್ಳಗಳು ಹೊತ್ತು ತರುವ ಹೂಳು ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೇಲೆ ಎಂದು ಅಂದಾಜು. ಇದರ ಹೆಚ್ಚಿನ ಪಾಲು ಮಹಾನದಿಯ ಕವಲುಗಳಿಂದ ಬಂದರೆ, ಉಳಿದದ್ದು ಪಶ್ಚಿಮದ ಗುಡ್ಡಗಾಡಿನಿಂದ. ಕಾಡು ಕಡಿದ ಗುಡ್ಡ, ಇಳಿಜಾರಿನ ಗುಂಟ ಉತ್ತ ಹೊಲ, ಮೇದು ಬೋಳಾದ ಗೋಮಾಳ ಇವೆಲ್ಲವೂ ಇದರಲ್ಲಿ ಪಾಲುದಾರರು. ಸರೋವರದ ಉತ್ತರ ಭಾಗದ ತಳ ಮೇಲೇರಿತು, ನೀರು ತೆಳುವಾಯಿತು, ಹೊಲದ ಗೊಬ್ಬರದ ಸತ್ವವೂ ಜೊತೆಗೇ ಬಂದು ಸೇರಿತು. ಸಿಹಿ ನೀರು, ತೆಳು ನೀರು, ಗೊಬ್ಬರದ ನೀರು ಈ ಮೂರೂ ಒಂದೆಡೆ ಸೇರಿದರೆ ಕಳೆಗೆ ಇನ್ನೇನು ಬೇಕು? 1970ರ ದಶಕದ ಆರಂಭದಲ್ಲಿ ಇಪ್ಪತ್ತು ಚದರ ಕಿಲೋಮೀಟರಿನಷ್ಟಿದ್ದ ನೀರುಕಳೆ, ಶತಮಾನದ ಕೊನೆಯ ಹೊತ್ತಿಗೆ ನೂರಾರು ಚದರ ಕಿಲೋಮೀಟರಿಗೆ ಹಬ್ಬಿತ್ತು.

ಇದರ ಪರಿಣಾಮವನ್ನು ಬಲೆಯೇ ಹೇಳಿತು. 1985-86ರಲ್ಲಿ ಸರೋವರದ ಮೀನು, ಸೀಗಡಿ, ಏಡಿಗಳ ಒಟ್ಟು ಉತ್ಪತ್ತಿ ಸುಮಾರು 8,600 ಟನ್ ಇತ್ತು. ಹತ್ತೇ ವರ್ಷಗಳಲ್ಲಿ, 1995-96ರ ವೇಳೆಗೆ, ಅದು ಸುಮಾರು 1,270 ಟನ್ನಿಗೆ ಕುಸಿಯಿತು. ಏಳು ಚೀಲ ಬೆಳೆಯುತ್ತಿದ್ದ ಗದ್ದೆಯಲ್ಲಿ ಒಂದೇ ಚೀಲ ಬಂದರೆ ಮನೆಯ ಗತಿ ಏನಾದೀತು ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಪ್ಪಂದದ ಸಂಸ್ಥೆಯು 1993ರಲ್ಲಿ ಚಿಲಿಕಾವನ್ನು ಅಪಾಯದಲ್ಲಿರುವ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಿತು. ಇದಕ್ಕೆ ಮಾಂಟ್ರೂ ದಾಖಲೆ ಎಂದು ಹೆಸರು.

ಬಡತನದೊಡನೆ ಜಗಳ

ಇಳುವರಿ ಕುಸಿದಾಗ ಹಂಚಿಕೆಯ ಜಗಳ ಏಳುತ್ತದೆ. ಸೀಗಡಿಗೆ ಒಳ್ಳೆಯ ಬೆಲೆ ಬಂದ ಕಾಲವದು. ಹೊರಗಿನ ಬಂಡವಾಳಗಾರರು ಸರೋವರದ ಅಂಚಿನ ತೆಳು ನೀರಿನಲ್ಲಿ ಬಿದಿರು, ಬಲೆ, ಮಣ್ಣಿನ ಏರಿಗಳಿಂದ ಆವರಣ ಕಟ್ಟಿ ಸೀಗಡಿ ಸಾಕತೊಡಗಿದರು. ಅಲ್ಲಿಯ ಜನ ಇದಕ್ಕೆ ಘೇರಿ ಎನ್ನುತ್ತಾರೆ. ತಲೆತಲಾಂತರದಿಂದ ಬಲೆ ಬೀಸುತ್ತಿದ್ದವರಿಗೆ ತಮ್ಮ ನೀರಿಗೇ ಪ್ರವೇಶವಿಲ್ಲದಂತಾಯಿತು. ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ನೀಡಿದ ತೀರ್ಪಿನಲ್ಲಿ ಚಿಲಿಕಾ ಮತ್ತು ಪುಲಿಕಾಟ್ ಸರೋವರಗಳ ಸುತ್ತ ಒಂದು ಸಾವಿರ ಮೀಟರ್ ಒಳಗೆ ಸೀಗಡಿ ಕೃಷಿ ಕೊಳಗಳು ಇರಕೂಡದೆಂದು ಹೇಳಿತು. ಆದರೂ ಘೇರಿಗಳು ಉಳಿದವು. 1999ರ ಮೇ ತಿಂಗಳಿನಲ್ಲಿ ಮೀನುಗಾರರು ತಾವೇ ಘೇರಿಗಳನ್ನು ಕಿತ್ತುಹಾಕಲು ಹೊರಟರು. ಆ ಬಳಿಕ ಸೋರಣ ಎಂಬ ಹಳ್ಳಿಯಲ್ಲಿ ಪೊಲೀಸರ ಗೋಲಿಬಾರಿಗೆ ನಾಲ್ವರು ಬಲಿಯಾದರು.

ಇದನ್ನು ಹೇಳುವ ಉದ್ದೇಶ ಯಾರನ್ನೂ ದೂರುವುದಲ್ಲ. ಹೂಳು, ಉಪ್ಪು, ಕಳೆ ಎಂದರೆ ಕೇವಲ ತಾಂತ್ರಿಕ ಪದಗಳೆಂದು ಭಾವಿಸಬಾರದು. ಅವುಗಳ ಕೊನೆ ಮನುಷ್ಯರ ಮನೆಯ ಬಾಗಿಲಿನಲ್ಲಿ ಎಂಬುದನ್ನು ತಿಳಿಸುವುದಷ್ಟೆ.

ಹೊಸ ಬಾಯಿ ತೆರೆದ ದಿನ

1990ರ ದಶಕದ ಆರಂಭದಲ್ಲಿ ಒಡಿಶಾ ಸರಕಾರವು ಚಿಲಿಕಾ ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿತ್ತು. ಹೊಸ ಬಾಯಿಯನ್ನು ಎಲ್ಲಿ ತೆರೆಯಬೇಕು, ತೆರೆದರೆ ನೀರು ಹೇಗೆ ಓಡಾಡುತ್ತದೆ ಎಂಬುದನ್ನು ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದ ತಜ್ಞರು ಮಾದರಿಗಳ ಮೂಲಕ ಪರಿಶೀಲಿಸಿದರು. ಅದರ ಆಧಾರದ ಮೇಲೆ ಸಿಪಾಕುದ ಎಂಬಲ್ಲಿ ಮರಳಿನ ದಿಣ್ಣೆಯನ್ನು ಕಡಿದು 2000ನೇ ಇಸವಿ ಸೆಪ್ಟೆಂಬರ್ 23ರಂದು ಹೊಸ ಬಾಯಿ ತೆರೆಯಲಾಯಿತು. ಸಮುದ್ರದ ದಾರಿ ಸುಮಾರು 18 ಕಿಲೋಮೀಟರಿನಷ್ಟು ಹತ್ತಿರವಾಯಿತು. ಒಳಗಿನ ಕಾಲುವೆಯ ಹೂಳನ್ನೂ ತೆಗೆಯಲಾಯಿತು.

ಫಲಿತಾಂಶ ಬೇಗನೆ ಕಂಡಿತು. ಉಬ್ಬರದ ನೀರು ಒಳಕ್ಕೆ ನುಗ್ಗಿ ಉಪ್ಪಿನಂಶ ಏರಿತು. ಸಿಹಿ ನೀರಿನ ಕಳೆ ಅನೇಕ ಕಡೆ ಕೊಳೆತು ಹಿಂದೆ ಸರಿಯಿತು. ಮೀನು ಸೀಗಡಿಗಳ ಮರಿಗಳಿಗೆ ದಾರಿ ಸಿಕ್ಕಿತು. 2001-02ರಲ್ಲಿ ಉತ್ಪತ್ತಿ ಸುಮಾರು 11,900 ಟನ್ನಿಗೆ ಏರಿತು. ಉಪ್ಪು ನೀರಿನಲ್ಲಿ ಬೆಳೆಯುವ ಕಡಲಹುಲ್ಲು ಮತ್ತೆ ಹಬ್ಬಿತು. ಮರಿಮೀನುಗಳಿಗೆ ಇದೇ ಆಸರೆ. ಸರೋವರದಲ್ಲಿ ವಾಸಿಸುವ ಐರಾವದಿ ಡಾಲ್ಫಿನ್‌ಗಳ ಸಂಖ್ಯೆ ಈಚಿನ ಗಣತಿಗಳಲ್ಲಿ ಸುಮಾರು ನೂರೈವತ್ತರಷ್ಟಿದೆ. ಚಳಿಗಾಲದ ಹಕ್ಕಿಗಳು ಹತ್ತು ಲಕ್ಷಕ್ಕೂ ಹೆಚ್ಚು. 2002ರಲ್ಲಿ ಚಿಲಿಕಾವನ್ನು ಅಪಾಯದ ಪಟ್ಟಿಯಿಂದ ತೆಗೆಯಲಾಯಿತು. ಅದೇ ವರ್ಷ ಪ್ರಾಧಿಕಾರಕ್ಕೆ ರಾಮ್‌ಸಾರ್ ಪ್ರಶಸ್ತಿಯೂ ದೊರೆಯಿತು.

ಯಂತ್ರ ಮಾಡಲಾರದ ಕೆಲಸ

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ತಿಳಿಯಬಾರದು. ತೆರೆದ ಬಾಯಿ ತೆರೆದೇ ಇರುವುದಿಲ್ಲ. ಮರಳು ಸಾಗುತ್ತಲೇ ಇರುತ್ತದೆ, ಬಾಯಿ ಜಾಗ ಬದಲಿಸುತ್ತಲೇ ಇರುತ್ತದೆ. 2008ರಲ್ಲಿ ಇನ್ನೊಂದು ಬಾಯಿ ತಾನಾಗಿಯೇ ತೆರೆದುಕೊಂಡಿತು. 2019ರ ಮೇ ತಿಂಗಳಿನ ಫನಿ ಚಂಡಮಾರುತ ಹೊಸ ಬಾಯಿಗಳನ್ನು ಕೊರೆಯಿತು. ಉಪ್ಪು ಮಿತಿಮೀರಿದರೂ ಕಷ್ಟವೇ. ಸರೋವರಕ್ಕೆ ಬೇಕಾದದ್ದು ಎರಡರ ಹದ. ಆ ಹದಕ್ಕೆ ಮಹಾನದಿಯಿಂದ ಕಾಲಕಾಲಕ್ಕೆ ಸಿಹಿ ನೀರೂ ಬರಬೇಕು. ಮೇಲೆ ಅಣೆಕಟ್ಟಿನ ಬಾಗಿಲು ತೆರೆಯುವವರು ಕೆಳಗಿನ ಮೀನಿನ ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಬಾಯಿ ತೆರೆದದ್ದರಿಂದ ಹೂಳು ಬರುವುದು ನಿಲ್ಲಲಿಲ್ಲ. ದಿಣ್ಣೆ ಕಡಿಯುವುದನ್ನು ಯಂತ್ರ ಒಂದೇ ಋತುವಿನಲ್ಲಿ ಮಾಡಿತು. ಆದರೆ ನೂರಾರು ಹಳ್ಳಿಗಳ ಹೊಲದ ಮಣ್ಣನ್ನು ಹೊಲದಲ್ಲಿಯೇ ಹಿಡಿದಿಡುವ ಯಂತ್ರ ಇನ್ನೂ ಹುಟ್ಟಿಲ್ಲ. ಅದು ರೈತನ ಕೈಯ ಕೆಲಸ. ಆದುದರಿಂದಲೇ ಚಿಲಿಕಾದ ಮೇಲ್ಭಾಗದ ಹಳ್ಳಿಗಳಲ್ಲಿ ಜನರನ್ನು ಸೇರಿಸಿಕೊಂಡು ಕಿರು ಜಲಾನಯನ ಕಾರ್ಯಕ್ರಮಗಳನ್ನು ಕೈಗೊಂಡರು.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಎಕರೆ ಹೊಲದಿಂದ ಒಂದೇ ಒಂದು ಮಿಲಿಮೀಟರ್ ಮೇಲ್ಮಣ್ಣು ಕೊಚ್ಚಿಹೋದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ತೂಕದಲ್ಲಿ ಅದು ಸುಮಾರು ಐದು ಟನ್. ಹತ್ತು ಲಕ್ಷ ಟನ್ ಹೂಳು ಎಂದರೆ ಎರಡು ಲಕ್ಷ ಎಕರೆಯಿಂದ ಒಂದೊಂದು ಮಿಲಿಮೀಟರ್ ಮಣ್ಣು ಹೋದಂತಾಯಿತು. ಯಾರ ಹೊಲದಲ್ಲಿಯೂ ದೊಡ್ಡ ಕೊರಕಲು ಬೀಳಬೇಕಾಗಿಲ್ಲ. ಎಲ್ಲರ ಹೊಲದಿಂದಲೂ ಕಣ್ಣಿಗೆ ಕಾಣದಷ್ಟು ಹೋದರೆ ಸಾಕು, ಕೆಳಗಿನ ಸರೋವರ ತುಂಬುತ್ತದೆ. ಹೋದ ಆ ಮಣ್ಣಿನಲ್ಲಿ ನಾವು ಹಣ ಕೊಟ್ಟು ಹಾಕಿದ ಗೊಬ್ಬರವೂ ಇರುತ್ತದೆ. ಎಂದರೆ ಮೇಲಿನವನಿಗೆ ನಷ್ಟ, ಕೆಳಗಿನವನಿಗೂ ನಷ್ಟ. ಲಾಭ ಕಳೆಗೆ ಮಾತ್ರ.

ನಮ್ಮ ನಾಡಿನಲ್ಲಿ

ಇದು ಒಡಿಶಾದ ಮಾತಷ್ಟೇ ಅಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯೂ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಅದು ಚಿಲಿಕಾದಂಥ ಸರೋವರವಲ್ಲ, ನದಿಯ ಅಳಿವೆ. ಆದರೆ ಅಲ್ಲಿಯೂ ಬದುಕು ನಡೆಯುವುದು ಉಪ್ಪು ಸಿಹಿಗಳ ಹದದ ಮೇಲೆಯೇ. ಕುಮಟಾ ತಾಲ್ಲೂಕಿನ ಗಜನಿ ಭೂಮಿಯ ರೈತರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಮಳೆಗಾಲದಲ್ಲಿ ಸಿಹಿ ನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಕಗ್ಗವು ಉಪ್ಪನ್ನೂ ತಡೆಯುತ್ತದೆ, ಕೆಲವು ದಿನಗಳ ನೆರೆಯನ್ನೂ ತಡೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪು ನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಭತ್ತದ ಕೂಳೆ ಮೀನಿಗೆ ಮೇವು. ಮೀನಿನ ಕಸ ಭತ್ತಕ್ಕೆ ಗೊಬ್ಬರ. ಉಪ್ಪನ್ನು ಹೊರಗಟ್ಟದೆ ಅದರ ಸರದಿ ಬರುವವರೆಗೆ ಕಾಯುವ ಬೇಸಾಯವಿದು. ಈ ಅಳಿವೆಗೆ ನೀರು ಬರುವುದು ಸಿರಸಿ, ಸಿದ್ದಾಪುರಗಳ ಮಲೆನಾಡಿನಿಂದ. ಅಲ್ಲಿನ ಬೆಟ್ಟದ ಹಸಿರು ಮತ್ತು ಇಲ್ಲಿನ ಗಜನಿಯ ಫಲ ಒಂದೇ ನೀರಿನಿಂದ ಕಟ್ಟಿದವು.

ಕರಾವಳಿಯೇ ಬೇಡ, ತಮ್ಮ ಊರಿನ ಕೆರೆಯನ್ನೇ ನೋಡಿ. ಹೂಳಿನಿಂದ ತಳ ಮೇಲೇರಿ, ಅಂಗಳದ ತುಂಬ ಜೊಂಡು ಬೆಳೆದ ಕೆರೆ ಇಲ್ಲದ ಹೋಬಳಿ ಯಾವುದಿದೆ? ಚಿಲಿಕಾಕ್ಕೆ ಬಂದ ರೋಗವೇ ಅದು. ಅಳತೆ ಮಾತ್ರ ಸಣ್ಣದು.

ನಾವು ಮಾಡಬೇಕಾದದ್ದು

1. ಇಳಿಜಾರಿಗೆ ಅಡ್ಡಲಾಗಿಯೇ ಉಳುಮೆ, ಬಿತ್ತನೆ ಮಾಡಿರಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಎತ್ತಿನ ಅಥವಾ ಟ್ರ್ಯಾಕ್ಟರಿನ ದಿಕ್ಕು ಬದಲಿಸಿದರಾಯಿತು.

2. ಬದುಗಳ ಮೇಲೆ ಲಾವಂಚ ಅಥವಾ ಮೇವಿನ ಹುಲ್ಲನ್ನು ಒತ್ತಾಗಿ ನೆಡಿರಿ. ಬರಿ ಮಣ್ಣಿನ ಬದು ಎರಡು ಮಳೆಗಾಲ ತಡೆದೀತು; ಬೇರು ಹಿಡಿದ ಬದು ಬಹುಕಾಲ ನಿಲ್ಲುತ್ತದೆ.

3. ಹಳ್ಳದ ದಂಡೆಯವರೆಗೂ ಉಳಬೇಡಿರಿ. ಎರಡೂ ಕಡೆ ಕೆಲವು ಮಾರು ಜಾಗದಲ್ಲಿ ಹುಲ್ಲು, ಹೊಂಗೆ, ಬಿದಿರು ಉಳಿಯಲಿ. ಹೊಲದಿಂದ ಬರುವ ಮಣ್ಣನ್ನು ಸೋಸುವ ಜರಡಿ ಅದೇ.

4. ಮುಂಗಾರಿನ ಮೊದಲ ಬಿರುಮಳೆಗೆ ನೆಲ ಬೋಳಾಗಿರಬಾರದು. ಹುರುಳಿ, ಅಲಸಂದೆಯಂಥ ಹೊದಿಕೆ ಬೆಳೆ ಅಥವಾ ಹಿಂದಿನ ಬೆಳೆಯ ತ್ಯಾಜ್ಯ ನೆಲವನ್ನು ಮುಚ್ಚಿರಲಿ.

5. ಮೇಲುಗೊಬ್ಬರವನ್ನು ಕಂತುಗಳಲ್ಲಿ, ಮಣ್ಣು ಪರೀಕ್ಷೆಯ ಶಿಫಾರಸಿನಷ್ಟೇ ಕೊಡಿರಿ. ಜೋರು ಮಳೆಯ ಮುನ್ಸೂಚನೆ ಇದ್ದ ದಿನ ಯೂರಿಯಾ ಎರಚಬೇಡಿರಿ.

ವಿಸ್ತರಣಾ ಕಾರ್ಯಕರ್ತ ಮಿತ್ರರಲ್ಲಿ ಒಂದು ಮಾತು. ಜಲಾನಯನದ ವರದಿಯಲ್ಲಿ ಎಷ್ಟು ಬದು ಹಾಕಿದೆವು, ಎಷ್ಟು ತಡೆ ಕಟ್ಟಿದೆವು ಎಂದು ಬರೆಯುವುದು ರೂಢಿ. ಮಳೆ ಬಂದ ಮಾರನೆಯ ದಿನ ಹಳ್ಳದ ನೀರು ಎಷ್ಟು ಕೆಂಪಾಗಿತ್ತು ಎಂಬುದನ್ನೂ ಬರೆಯಿರಿ. ಒಂದು ಗಾಜಿನ ಸೀಸೆಯಲ್ಲಿ ಆ ನೀರನ್ನು ತುಂಬಿ ಒಂದು ರಾತ್ರಿ ಇಟ್ಟು, ತಳದಲ್ಲಿ ನಿಂತ ಮಣ್ಣನ್ನು ರೈತರಿಗೆ ತೋರಿಸಿರಿ. ಪ್ರತಿ ವರ್ಷ ಅದೇ ಜಾಗದ ಸೀಸೆಗಳನ್ನು ಸಾಲಾಗಿಟ್ಟರೆ ಕೆಲಸ ಆಗಿದೆಯೋ ಇಲ್ಲವೋ ಎಂಬುದು ಯಾರ ವಿವರಣೆಯೂ ಇಲ್ಲದೆ ತಿಳಿಯುತ್ತದೆ.

ಸಂರಕ್ಷಿತ ಜೌಗುಪ್ರದೇಶ ಎಂದರೆ ಬೇಲಿ ಹಾಕಿ ಜನರನ್ನು ದೂರವಿಡುವುದೆಂದು ಅನೇಕರ ಭಾವನೆ. ರಾಮ್‌ಸಾರ್ ಒಪ್ಪಂದ ಹೇಳುವುದು ವಿವೇಕದ ಬಳಕೆಯನ್ನು. ಚಿಲಿಕಾದಲ್ಲಿ ಇಂದಿಗೂ ಮೀನುಗಾರ ಬಲೆ ಬೀಸುತ್ತಾನೆ, ಬೀಸಬೇಕು ಕೂಡ. ಆ ಬಲೆಗೆ ಏನು ಬೀಳುತ್ತದೆ ಎಂಬುದು ಅಳಿವೆಯ ಬಾಯಿಯಲ್ಲಿ ಅರ್ಧ ತೀರ್ಮಾನವಾದರೆ, ಇನ್ನರ್ಧ ತೀರ್ಮಾನವಾಗುವುದು ಅವನು ಎಂದೂ ಕಾಣದ ಯಾವನೋ ರೈತನ ಹೊಲದಲ್ಲಿ. ತಮ್ಮ ಹೊಲದ ನೀರು ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರಿದ್ದಾರೆ ಎಂಬುದನ್ನು ಈ ಮಳೆಗಾಲಕ್ಕೆ ಮೊದಲು ಪ್ರತಿಯೊಬ್ಬರೂ ಒಮ್ಮೆ ಹಳ್ಳದ ಗುಂಟ ನಡೆದು ನೋಡಬೇಕೆಂದು ಪ್ರಾರ್ಥಿಸುತ್ತೇನೆ.